ರಕ್ತದ ಆಕರಕೋಶಗಳ ಪ್ರಯೋಗಾಲಯ ಕೃಷಿ: ಬೆಳವಣಿಗೆ ಅಂಶಗಳ ಶಕ್ತಿ ಮತ್ತು ಮಿತಿ

ವಯಸ್ಕರ ದೇಹದಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹೊಸದಾಗಿ ಹುಟ್ಟುತ್ತವೆ. ಅವುಗಳ ಜೊತೆಗೆ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಅಪಾರ ಸಂಖ್ಯೆಯಲ್ಲಿ ತಯಾರಾಗುತ್ತವೆ. ಇವೆಲ್ಲದರ ಮೂಲ ಅಸ್ಥಿಮಜ್ಜೆಯಲ್ಲಿ ನೆಲೆಸಿರುವ ರಕ್ತಜನಕ ಆಕರಕೋಶ. ಅದಕ್ಕೆ ಎರಡು ಸಾಮರ್ಥ್ಯಗಳಿವೆ. ವಿಭಜನೆಯಾದಾಗ ತನ್ನಂಥದೇ ಆಕರಕೋಶವನ್ನು ಉಳಿಸಿಕೊಳ್ಳುವುದು ಒಂದು. ಬಗೆಬಗೆಯ ರಕ್ತಕಣಗಳಾಗಿ ಮಾರ್ಪಡುವ ಸಂತತಿಯನ್ನು ಕೊಡುವುದು ಇನ್ನೊಂದು. ಮೊದಲನೆಯದು ಸ್ವಯಂನವೀಕರಣ, ಎರಡನೆಯದು ವಿಭೇದನ.

ಇಷ್ಟು ದೊಡ್ಡ ಉತ್ಪಾದನೆಯ ಬುಡದಲ್ಲಿರುವ ಆಕರಕೋಶಗಳು ಮಾತ್ರ ಬಹಳ ವಿರಳ. ರಕ್ತಕೋಶಗಳ ಡಿಎನ್‌ಎಯಲ್ಲಿ ವಯಸ್ಸಿನೊಂದಿಗೆ ಸೇರುವ ಸಣ್ಣ ಬದಲಾವಣೆಗಳನ್ನು ಹಿಂದಕ್ಕೆ ಓದಿ ವಂಶಾವಳಿ ಕಟ್ಟಿದ 2018ರ ಒಂದು ಅಧ್ಯಯನ, ವಯಸ್ಕರೊಬ್ಬರಲ್ಲಿ ರಕ್ತ ತಯಾರಿಸುತ್ತಿರುವ ಆಕರಕೋಶಗಳು 50,000ದಿಂದ 2,00,000ದವರೆಗೆ ಇರಬಹುದೆಂದು ಅಂದಾಜಿಸಿತು. ಅವು ತಿಂಗಳುಗಟ್ಟಲೆ ವಿಭಜನೆಯಾಗದೆ ಸುಮ್ಮನಿರುತ್ತವೆ. ನಿತ್ಯದ ದುಡಿಮೆಯೆಲ್ಲ ಅವುಗಳಿಂದ ಹೊರಟು, ಮುಂದಿನ ಹಂತ ತಲುಪಿರುವ ಪೂರ್ವಗಾಮಿ ಕೋಶಗಳದು.

ಈ ವಿರಳ ಕೋಶಗಳನ್ನು ದೇಹದಿಂದ ಹೊರತೆಗೆದು, ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ಬೆಳವಣಿಗೆ ಅಂಶಗಳನ್ನು ಕೊಟ್ಟು ಹೆಚ್ಚಿಸಬಹುದೇ ಎಂಬುದು ಅರವತ್ತು ವರ್ಷಗಳಿಂದ ರಕ್ತವಿಜ್ಞಾನವನ್ನು ಕಾಡುತ್ತಿರುವ ಪ್ರಶ್ನೆ. ಕೋಶಗಳು ಹೆಚ್ಚುತ್ತವೆ ಎಂಬುದು ಬೇಗನೆ ಗೊತ್ತಾಯಿತು. ಹೆಚ್ಚಿದ ಕೋಶಗಳಲ್ಲಿ ಆಕರಕೋಶದ ಗುಣ ಉಳಿಯುವುದೇ ಎಂಬುದಕ್ಕೆ ಉತ್ತರ ಸಿಗಲು ಮಾತ್ರ ಹಲವು ದಶಕಗಳು ಬೇಕಾದವು.

ಗುರುತಿಸುವ ಪರೀಕ್ಷೆ

ರಕ್ತಜನಕ ಆಕರಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸಲಾಗದು; ಅದು ಸಾಮಾನ್ಯ ಲಿಂಫೋಸೈಟ್‌ನಂತೆಯೇ ಕಾಣುತ್ತದೆ. ಅದರ ಗುರುತು ಅದು ಮಾಡುವ ಕೆಲಸದಲ್ಲಿದೆ. 1961ರಲ್ಲಿ ಟೊರೊಂಟೊದ ಅರ್ನೆಸ್ಟ್ ಮೆಕಲಕ್ ಮತ್ತು ಜೇಮ್ಸ್ ಟಿಲ್ ಮಾರಕ ಪ್ರಮಾಣದ ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಬೇರೆ ಇಲಿಗಳ ಮಜ್ಜೆಯನ್ನು ಚುಚ್ಚಿದರು. ಹತ್ತು ದಿನಗಳ ಬಳಿಕ ಆ ಇಲಿಗಳ ಗುಲ್ಮದ ಮೇಲೆ ಗಂಟುಗಳು ಕಂಡವು. ಸುಮಾರು 10,000 ಮಜ್ಜೆಕೋಶಗಳಿಗೆ ಒಂದರಂತೆ ಗಂಟುಗಳು ಎದ್ದಿದ್ದವು. ಕೊಟ್ಟ ಕೋಶಗಳು ಹೆಚ್ಚಿದಷ್ಟೂ ಗಂಟುಗಳೂ ಹೆಚ್ಚುತ್ತಿದ್ದವು. ಒಂದೊಂದು ಗಂಟೂ ಒಂದೇ ಕೋಶದ ಸಂತತಿ ಎಂಬುದನ್ನು 1963ರಲ್ಲಿ ಆ್ಯಂಡ್ರ್ಯೂ ಬೆಕರ್ ಜೊತೆಗೂಡಿ ಅವರು ವರ್ಣತಂತುಗಳ ಗುರುತಿನಿಂದ ಸಾಧಿಸಿದರು.

ಗುಲ್ಮದ ಗಂಟುಗಳಲ್ಲಿ ಹೆಚ್ಚಿನವು ಪೂರ್ವಗಾಮಿ ಕೋಶಗಳಿಂದ ಹುಟ್ಟಿದವು, ನಿಜವಾದ ಆಕರಕೋಶ ಅದಕ್ಕಿಂತ ಮೇಲಿನ ಮಟ್ಟದ್ದು ಎಂಬುದು 1980ರ ದಶಕದಲ್ಲಿ ಸ್ಪಷ್ಟವಾಯಿತು. ಆದರೂ ಆ ಪ್ರಯೋಗ ಹಾಕಿಕೊಟ್ಟ ತತ್ವ ಬದಲಾಗಲಿಲ್ಲ. ಮಜ್ಜೆ ನಾಶವಾದ ಪ್ರಾಣಿಯಲ್ಲಿ ನೆಲೆಯೂರಿ, ಎಲ್ಲ ಬಗೆಯ ರಕ್ತಕಣಗಳನ್ನು ತಿಂಗಳುಗಟ್ಟಲೆ ತಯಾರಿಸಿ, ಅಲ್ಲಿಂದ ಮತ್ತೊಂದು ಪ್ರಾಣಿಗೆ ಕಸಿ ಮಾಡಿದರೂ ಅದೇ ಕೆಲಸ ಮಾಡಬಲ್ಲ ಕೋಶಕ್ಕಷ್ಟೇ ಆಕರಕೋಶವೆಂಬ ಹೆಸರು ಸಲ್ಲುತ್ತದೆ. ಮನುಷ್ಯರ ಕೋಶಗಳನ್ನು ಹೀಗೆ ಪರೀಕ್ಷಿಸಲು ರೋಗನಿರೋಧಕ ಶಕ್ತಿಯಿಲ್ಲದ ಇಲಿತಳಿಗಳು ಬೇಕಾದವು. 1990ರ ದಶಕದಲ್ಲಿ ಟೊರೊಂಟೊದ ಜಾನ್ ಡಿಕ್ ಅವರ ತಂಡ ಅಂಥ ಇಲಿಗಳಲ್ಲಿ ಮಾನವ ರಕ್ತವನ್ನು ಬೆಳೆಸುವ ವಿಧಾನವನ್ನು ರೂಢಿಗೆ ತಂದಿತು.

ಈ ಪರೀಕ್ಷೆ ನಿಧಾನದ್ದು, ದುಬಾರಿ. ದಿನನಿತ್ಯದ ಬಳಕೆಗೆ ಕೋಶದ ಮೇಲ್ಮೈಯ ಗುರುತುಗಳೇ ಆಧಾರ. 1984ರಲ್ಲಿ ಕರ್ಟ್ ಸಿವಿನ್ ಅವರ ತಂಡ ವಿವರಿಸಿದ ಸಿಡಿ34 ಎಂಬ ಪ್ರೋಟೀನು ಇವುಗಳಲ್ಲಿ ಮುಖ್ಯ. ಮಜ್ಜೆಯ ಕೋಶಗಳಲ್ಲಿ ಶೇ. 1ರಷ್ಟರ ಮೇಲೆ ಅದು ಇರುತ್ತದೆ. ಆಕರಕೋಶಗಳು ಈ ಗುಂಪಿನೊಳಗೇ ಇದ್ದರೂ ಗುಂಪಿನ ಬಹುಪಾಲು ಕೋಶಗಳು ಪೂರ್ವಗಾಮಿಗಳು. ಹಾಗಾಗಿ ಸಿಡಿ34 ಕೋಶಗಳು ನೂರು ಪಟ್ಟು ಹೆಚ್ಚಿದವು ಎಂದರೆ ಆಕರಕೋಶಗಳು ನೂರು ಪಟ್ಟು ಹೆಚ್ಚಿದವು ಎಂದು ಅರ್ಥವಲ್ಲ. ಈ ಕ್ಷೇತ್ರದ ಪ್ರತಿಯೊಂದು ಸಾಧನೆಯನ್ನೂ ಈ ಎಚ್ಚರದಿಂದಲೇ ಓದಬೇಕಾಗುತ್ತದೆ.

ಬೆಳವಣಿಗೆ ಅಂಶಗಳ ಪತ್ತೆ

ರಕ್ತೋತ್ಪಾದನೆಯನ್ನು ಪ್ರಚೋದಿಸುವ ದ್ರವ್ಯವೊಂದು ರಕ್ತದಲ್ಲೇ ಇದೆ ಎಂದು 1906ರಲ್ಲೇ ಪ್ಯಾರಿಸ್ಸಿನ ಪಾಲ್ ಕಾರ್ನೊ ಮತ್ತು ಅವರ ಸಹೋದ್ಯೋಗಿ ಡೆಫ್ಲಾಂಡ್ರ್ ಸೂಚಿಸಿದ್ದರು. ಅದನ್ನು ಶುದ್ಧರೂಪದಲ್ಲಿ ಪಡೆಯಲು ಎಪ್ಪತ್ತು ವರ್ಷ ಹಿಡಿಯಿತು. ಮಜ್ಜೆ ಸೋತ ರೋಗಿಗಳಿಂದ ಜಪಾನಿನಲ್ಲಿ ಸಂಗ್ರಹಿಸಿದ 2,550 ಲೀಟರ್ ಮೂತ್ರದಿಂದ ಷಿಕಾಗೊದ ಯೂಜೀನ್ ಗೋಲ್ಡ್‌ವಾಸರ್ ಅವರ ತಂಡ 1977ರಲ್ಲಿ ಎರಿಥ್ರೊಪೊಯಿಟಿನ್ ಅನ್ನು ಬೇರ್ಪಡಿಸಿತು. 1985ರಲ್ಲಿ ಅದರ ವಂಶವಾಹಿ ಕೈಗೆ ಸಿಕ್ಕಿತು, 1989ರಲ್ಲಿ ಅದು ಔಷಧವಾಗಿ ಬಂತು.

ಬಿಳಿ ರಕ್ತಕಣಗಳ ಪ್ರಚೋದಕಗಳು ಪಾತ್ರೆಯೊಳಗಿನ ಪ್ರಯೋಗಗಳಿಂದ ಪತ್ತೆಯಾದವು. 1965–66ರಲ್ಲಿ ಇಸ್ರೇಲಿನ ಡೋವ್ ಪ್ಲುಜ್ನಿಕ್ ಮತ್ತು ಲಿಯೊ ಸಾಕ್ಸ್ ಒಂದು ಕಡೆ, ಮೆಲ್ಬರ್ನ್‌ನ ರೇ ಬ್ರಾಡ್ಲಿ ಮತ್ತು ಡೊನಾಲ್ಡ್ ಮೆಟ್ಕಾಫ್ ಇನ್ನೊಂದು ಕಡೆ, ಮೆದುವಾದ ಅಗರ್‌ನಲ್ಲಿ ಇಲಿಯ ರಕ್ತಕೋಶಗಳನ್ನು ಬೆಳೆಸಿದರು. ಬೇರೆ ಕೋಶಗಳಿಂದ ಒಸರುವ ಯಾವುದೋ ದ್ರವ್ಯ ದೊರೆತಾಗ ಮಾತ್ರ ಅಗರ್‌ನಲ್ಲಿ ಕೋಶಸಮೂಹಗಳು ಮೂಡುತ್ತಿದ್ದವು. ಅದು ಇಲ್ಲವಾದರೆ ಕೋಶಗಳು ಸಾಯುತ್ತಿದ್ದವು. ಆ ದ್ರವ್ಯಗಳನ್ನು ಬಿಡಿಸುವ ಕೆಲಸದಿಂದ ಜಿಎಂ-ಸಿಎಸ್‌ಎಫ್, ಜಿ-ಸಿಎಸ್‌ಎಫ್, ಎಂ-ಸಿಎಸ್‌ಎಫ್, ಇಂಟರ್‌ಲ್ಯೂಕಿನ್-3 ಮೊದಲಾದ, ಸೈಟೋಕೈನ್‌ಗಳೆಂದು ಕರೆಯುವ ಬೆಳವಣಿಗೆ ಅಂಶಗಳು ಬೆಳಕಿಗೆ ಬಂದವು. ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಜಿ-ಸಿಎಸ್‌ಎಫ್ 1991ರಲ್ಲಿ ಅಮೆರಿಕದಲ್ಲಿ ಫಿಲ್ಗ್ರಾಸ್ಟಿಮ್ ಹೆಸರಿನ ಔಷಧವಾಯಿತು. ಕೀಮೋಥೆರಪಿಯ ಬಳಿಕ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಏರಿಸಲು ಅದು ಇಂದು ಎಲ್ಲೆಡೆ ಬಳಕೆಯಲ್ಲಿದೆ. ಮಜ್ಜೆಯ ಆಕರಕೋಶಗಳನ್ನು ರಕ್ತಪ್ರವಾಹಕ್ಕೆ ಎಳೆದು ತರುವ ಗುಣವೂ ಅದಕ್ಕಿರುವುದರಿಂದ ಕಸಿಗೆ ಬೇಕಾದ ಕೋಶಗಳನ್ನು ಈಗ ಬಹುತೇಕ ದಾನಿಗಳ ತೋಳಿನ ರಕ್ತನಾಳದಿಂದಲೇ ಸಂಗ್ರಹಿಸುತ್ತಾರೆ.

ಇವೆಲ್ಲ ಹೆಚ್ಚಾಗಿ ಪೂರ್ವಗಾಮಿ ಕೋಶಗಳ ಮೇಲೆ ಕೆಲಸ ಮಾಡುವ ಅಂಶಗಳು. ಆಕರಕೋಶದ ಮೇಲೆಯೇ ಪರಿಣಾಮ ಬೀರುವ ಮೂರು ಅಂಶಗಳು 1990ರ ದಶಕದ ಮೊದಲರ್ಧದಲ್ಲಿ ದೊರೆತವು. ಮೊದಲನೆಯದು 1990ರಲ್ಲಿ ಪತ್ತೆಯಾದ ಸ್ಟೆಮ್ ಸೆಲ್ ಫ್ಯಾಕ್ಟರ್, ಅಂದರೆ ಎಸ್‌ಸಿಎಫ್. ಅದರ ಹಿಂದೆ ರಕ್ತಹೀನತೆಯಿಂದ ನರಳುವ ಎರಡು ಇಲಿತಳಿಗಳ ಒಗಟಿತ್ತು. ಒಂದು ತಳಿಯ ರೋಗ ಆರೋಗ್ಯವಂತ ಇಲಿಯ ಮಜ್ಜೆ ಕೊಟ್ಟರೆ ವಾಸಿಯಾಗುತ್ತಿತ್ತು. ಇನ್ನೊಂದು ತಳಿಯದು ವಾಸಿಯಾಗುತ್ತಿರಲಿಲ್ಲ. ಆದರೆ ಅದರ ಮಜ್ಜೆಯನ್ನೇ ಮೊದಲ ತಳಿಗೆ ಕೊಟ್ಟರೆ ಗುಣ ಕಾಣುತ್ತಿತ್ತು. ಮೊದಲ ತಳಿಯ ದೋಷ ಆಕರಕೋಶದ ಮೇಲಿನ ಕಿಟ್ ಎಂಬ ಗ್ರಾಹಕದಲ್ಲಿತ್ತು, ಎರಡನೆಯದರ ದೋಷ ಆ ಗ್ರಾಹಕವನ್ನು ತಟ್ಟಬೇಕಾದ ಎಸ್‌ಸಿಎಫ್‌ನಲ್ಲಿತ್ತು. ಆಕರಕೋಶ ತನ್ನ ಸುತ್ತಲಿನ ನೆಲೆಯನ್ನು ಅವಲಂಬಿಸಿದೆ ಎಂಬುದಕ್ಕೆ ಇದು ಗಟ್ಟಿ ಪುರಾವೆಯಾಯಿತು. ಎರಡನೆಯದು 1993ರಲ್ಲಿ ಪತ್ತೆಯಾದ ಫ್ಲಿಟ್3 ಲಿಗ್ಯಾಂಡ್. ಮೂರನೆಯದು 1994ರಲ್ಲಿ ಹಲವು ತಂಡಗಳು ಏಕಕಾಲಕ್ಕೆ ಬೇರ್ಪಡಿಸಿದ ಥ್ರೊಂಬೊಪೊಯಿಟಿನ್.

ಯಾವ ಅಂಶದ ಕೆಲಸ ಏನು

ಬೆಳವಣಿಗೆ ಅಂಶಗಳು ಕೋಶದೊಳಗೆ ಹೋಗಿ ಕೆಲಸ ಮಾಡುವುದಿಲ್ಲ. ಮೇಲ್ಮೈಯ ಗ್ರಾಹಕಕ್ಕೆ ಅಂಟಿಕೊಂಡು ಒಳಗಿನ ಕಿಣ್ವಗಳ ಸರಣಿಯನ್ನು ಚುರುಕುಗೊಳಿಸುತ್ತವೆ. ಎಸ್‌ಸಿಎಫ್ ಕಿಟ್ ಗ್ರಾಹಕದ ಮೂಲಕ ಪಿಐ3-ಕೈನೇಸ್ ಮಾರ್ಗವನ್ನು ತೆರೆದು ಕೋಶ ಸಾಯದಂತೆ ತಡೆಯುತ್ತದೆ. ಥ್ರೊಂಬೊಪೊಯಿಟಿನ್ ಎಂಪಿಎಲ್ ಎಂಬ ಗ್ರಾಹಕದ ಮೂಲಕ ಜಾಕ್2 ಮತ್ತು ಸ್ಟಾಟ್5 ಪ್ರೋಟೀನುಗಳನ್ನು ಪ್ರಚೋದಿಸುತ್ತದೆ. ಫ್ಲಿಟ್3 ಲಿಗ್ಯಾಂಡ್ ಮಾನವ ಪೂರ್ವಗಾಮಿಗಳ ಉಳಿವಿಗೂ ವಿಭಜನೆಗೂ ನೆರವಾಗುತ್ತದೆ. ಈ ಮೂರರ ಮಿಶ್ರಣ, ಕೆಲವೊಮ್ಮೆ ಇಂಟರ್‌ಲ್ಯೂಕಿನ್-6 ಸೇರಿ, ಇಂದಿಗೂ ಹೆಚ್ಚಿನ ಪ್ರಯೋಗಾಲಯಗಳ ಮೂಲ ಪಾಕವಾಗಿದೆ.

ಥ್ರೊಂಬೊಪೊಯಿಟಿನ್‌ನ ಪಾತ್ರ ಮೊದಲು ಪ್ಲೇಟ್‌ಲೆಟ್ ಉತ್ಪಾದನೆಗೆ ಸೀಮಿತವೆಂದು ತಿಳಿಯಲಾಗಿತ್ತು. ಎಂಪಿಎಲ್ ಗ್ರಾಹಕವಿಲ್ಲದೆ ಹುಟ್ಟುವ ಮಕ್ಕಳ ರೋಗಕಥೆ ಆ ತಿಳಿವಳಿಕೆಯನ್ನು ತಿದ್ದಿತು. ಅಂಥ ಮಕ್ಕಳಲ್ಲಿ ಮೊದಲು ಪ್ಲೇಟ್‌ಲೆಟ್‌ಗಳಷ್ಟೇ ಕಡಿಮೆಯಿರುತ್ತವೆ. ಕೆಲವು ವರ್ಷಗಳಲ್ಲಿ ಇಡೀ ಮಜ್ಜೆಯೇ ಬರಿದಾಗುತ್ತದೆ. ಆಕರಕೋಶಗಳ ಉಳಿವಿಗೇ ಈ ಅಂಶ ಬೇಕೆಂದು ಇದರಿಂದ ತಿಳಿಯಿತು. ಅದೇ ಗ್ರಾಹಕವನ್ನು ಪ್ರಚೋದಿಸುವ ಎಲ್ಟ್ರೊಂಬೊಪಾಗ್ ಮಾತ್ರೆ ಏಪ್ಲಾಸ್ಟಿಕ್ ಅನೀಮಿಯಾ ರೋಗಿಗಳಲ್ಲಿ ಮೂರು ಬಗೆಯ ರಕ್ತಕಣಗಳನ್ನೂ ಏರಿಸಬಲ್ಲದೆಂದು 2012ರಲ್ಲಿ ವರದಿಯಾದದ್ದು ಇದಕ್ಕೆ ಒತ್ತು ಕೊಟ್ಟಿತು.

ಈ ಅಂಶಗಳನ್ನು ನೇರವಾಗಿ ರೋಗಿಗೇ ಚುಚ್ಚಿ ಆಕರಕೋಶಗಳನ್ನು ದೇಹದೊಳಗೆ ಹೆಚ್ಚಿಸುವ ಯತ್ನಗಳು ತೊಡಕಿಗೆ ಸಿಲುಕಿದವು. ಎಸ್‌ಸಿಎಫ್ ಮಾಸ್ಟ್ ಕೋಶಗಳನ್ನೂ ಕೆರಳಿಸುವುದರಿಂದ ಅಲರ್ಜಿಯಂಥ ತೀವ್ರ ಪ್ರತಿಕ್ರಿಯೆಗಳು ಕಂಡವು. ಥ್ರೊಂಬೊಪೊಯಿಟಿನ್‌ನ ಮೊಟಕುಗೊಳಿಸಿದ ರೂಪವನ್ನು ಪಡೆದ ಕೆಲವು ಆರೋಗ್ಯವಂತ ಸ್ವಯಂಸೇವಕರಲ್ಲಿ, ಅವರದೇ ಥ್ರೊಂಬೊಪೊಯಿಟಿನ್ ವಿರುದ್ಧ ಪ್ರತಿಕಾಯಗಳು ಹುಟ್ಟಿ ಪ್ಲೇಟ್‌ಲೆಟ್‌ಗಳು ಕುಸಿದವು. ಆ ಔಷಧದ ಅಭಿವೃದ್ಧಿಯನ್ನು 1990ರ ದಶಕದ ಕೊನೆಯಲ್ಲಿ ಕೈಬಿಡಲಾಯಿತು. ಇವೆರಡೂ ಅಂಶಗಳು ಕೊನೆಗೆ ಸಾರ್ಥಕವಾದದ್ದು ದೇಹದ ಹೊರಗೆ, ಕೃಷಿಪಾತ್ರೆಯಲ್ಲಿ.

ಹೊಕ್ಕುಳಬಳ್ಳಿ ರಕ್ತ ತಂದ ತುರ್ತು

ಆಕರಕೋಶಗಳನ್ನು ಹೆಚ್ಚಿಸುವ ಅಗತ್ಯ ಎದ್ದು ಕಂಡದ್ದು ಹೊಕ್ಕುಳಬಳ್ಳಿ ರಕ್ತದ ಕಸಿಯಿಂದ. 1988ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲುಕ್‌ಮನ್ ಅವರು ಫ್ಯಾಂಕೋನಿ ಅನೀಮಿಯಾದಿಂದ ಬಳಲುತ್ತಿದ್ದ ಅಮೆರಿಕದ ಬಾಲಕನಿಗೆ, ಆಗಷ್ಟೇ ಹುಟ್ಟಿದ್ದ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ಕಸಿ ಮಾಡಿದರು. ಆ ರಕ್ತದಲ್ಲಿ ಕಸಿಗೆ ಸಾಕಾಗುವಷ್ಟು ಆಕರಕೋಶಗಳಿವೆ ಎಂದು ಇಂಡಿಯಾನಾದ ಹಾಲ್ ಬ್ರಾಕ್ಸ್‌ಮೈಯರ್ ತೋರಿಸಿಕೊಟ್ಟಿದ್ದರು.

ಹೊಕ್ಕುಳಬಳ್ಳಿ ರಕ್ತಕ್ಕೆ ಅನುಕೂಲಗಳು ಹಲವು. ಅದು ಶೈತ್ಯಾಗಾರದಲ್ಲಿ ಸಿದ್ಧವಾಗಿರುತ್ತದೆ, ದಾನಿಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅಂಗಾಂಶ ಹೊಂದಾಣಿಕೆ ಪೂರ್ತಿ ಇಲ್ಲದಿದ್ದರೂ ನಡೆಯುತ್ತದೆ. ಕೊರತೆ ಒಂದೇ, ಆದರೆ ದೊಡ್ಡದು. ಒಂದು ಹೆರಿಗೆಯಲ್ಲಿ ಸಿಗುವುದು ಸುಮಾರು 100 ಮಿಲಿಲೀಟರ್; ಅದರಲ್ಲಿರುವ ಆಕರಕೋಶಗಳು ಮಗುವಿನ ತೂಕಕ್ಕೆ ಸಾಕು, ವಯಸ್ಕರ ತೂಕಕ್ಕೆ ಸಾಲವು. ವಯಸ್ಕ ದಾನಿಯ ರಕ್ತದಿಂದ ಕಸಿ ಮಾಡುವಾಗ ರೋಗಿಯ ಪ್ರತಿ ಕಿಲೊ ತೂಕಕ್ಕೆ 20 ಲಕ್ಷಕ್ಕೂ ಹೆಚ್ಚು ಸಿಡಿ34 ಕೋಶಗಳನ್ನು ಕೊಡುವುದು ವಾಡಿಕೆ. ಹೊಕ್ಕುಳಬಳ್ಳಿ ರಕ್ತದಿಂದ ಅದರ ಹತ್ತನೆಯ ಒಂದು ಭಾಗ ಸಿಕ್ಕರೂ ಅದೃಷ್ಟವೇ. ಪರಿಣಾಮವಾಗಿ ಕಸಿಯ ಬಳಿಕ ನ್ಯೂಟ್ರೋಫಿಲ್‌ಗಳು ಮರಳಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಆ ಅವಧಿಯುದ್ದಕ್ಕೂ ರೋಗಿ ಸೋಂಕಿನ ಬಾಯಲ್ಲಿರುತ್ತಾನೆ. ಎರಡು ಮಕ್ಕಳ ಹೊಕ್ಕುಳಬಳ್ಳಿ ರಕ್ತವನ್ನು ಒಟ್ಟಿಗೆ ಕೊಡುವ ದಾರಿಯನ್ನು ಮಿನೆಸೋಟದ ವೈದ್ಯರು ಕಂಡುಕೊಂಡರು. ಇರುವ ಕೋಶಗಳನ್ನೇ ಕೃಷಿಯಲ್ಲಿ ಹೆಚ್ಚಿಸುವುದು ಇನ್ನೊಂದು ದಾರಿಯಾಯಿತು.

ಸಂಖ್ಯೆ ಏರಿತು, ಗುಣ ಇಳಿಯಿತು

1995ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ತಂಡ ಎಸ್‌ಸಿಎಫ್, ಇಂಟರ್‌ಲ್ಯೂಕಿನ್-1, 3 ಮತ್ತು 6, ಎರಿಥ್ರೊಪೊಯಿಟಿನ್ ಎಂಬ ಐದು ಅಂಶಗಳಲ್ಲಿ ಬೆಳೆಸಿದ ಕೋಶಗಳನ್ನು, ತೀವ್ರ ಕೀಮೋಥೆರಪಿ ಪಡೆದ ಕ್ಯಾನ್ಸರ್ ರೋಗಿಗಳಿಗೆ ಮರಳಿಸಿತು. ರಕ್ತಕಣಗಳು ಚೇತರಿಸಿದವು. ಆದರೆ ರೋಗಿಗಳ ಸ್ವಂತ ಮಜ್ಜೆ ಆ ಚಿಕಿತ್ಸೆಯಿಂದ ಪೂರ್ತಿ ನಾಶವಾಗಿರಲಿಲ್ಲವಾದ್ದರಿಂದ ಚೇತರಿಕೆ ಯಾವ ಕೋಶಗಳದ್ದೆಂದು ಖಚಿತವಾಗಿ ಹೇಳುವಂತಿರಲಿಲ್ಲ. ಎಲಿಜಬೆತ್ ಶ್ಪಾಲ್ ಅವರ ತಂಡ ಹೊಕ್ಕುಳಬಳ್ಳಿ ರಕ್ತವನ್ನು ಎಸ್‌ಸಿಎಫ್, ಜಿ-ಸಿಎಸ್‌ಎಫ್ ಮತ್ತು ಥ್ರೊಂಬೊಪೊಯಿಟಿನ್ ಮಾದರಿಯ ಅಂಶದಲ್ಲಿ ಹತ್ತು ದಿನ ಬೆಳೆಸಿ 37 ರೋಗಿಗಳಿಗೆ ಕೊಟ್ಟ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ವಿಧಾನ ಸುರಕ್ಷಿತವೆನಿಸಿತು, ಚೇತರಿಕೆಯ ವೇಗದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಇದರ ಕಾರಣ 1997ರಲ್ಲೇ ಟೊರೊಂಟೊದ ಇಲಿಪ್ರಯೋಗದಲ್ಲಿ ಕಂಡಿತ್ತು. ಡಿಕ್ ಅವರ ತಂಡ ಹೊಕ್ಕುಳಬಳ್ಳಿ ರಕ್ತದ ಶುದ್ಧೀಕರಿಸಿದ ಕೋಶಗಳನ್ನು ಬೆಳವಣಿಗೆ ಅಂಶಗಳಲ್ಲಿ ಇರಿಸಿ, ಬೇರೆ ಬೇರೆ ದಿನಗಳಲ್ಲಿ ತೆಗೆದು ಇಲಿಗಳಿಗೆ ಕಸಿ ಮಾಡಿತು. ನಾಲ್ಕನೆಯ ದಿನ, ಇಲಿಯಲ್ಲಿ ನೆಲೆಯೂರಬಲ್ಲ ಕೋಶಗಳು ಎರಡರಿಂದ ನಾಲ್ಕು ಪಟ್ಟು ಹೆಚ್ಚಿದ್ದವು. ಒಂಬತ್ತನೆಯ ದಿನದ ಹೊತ್ತಿಗೆ ಅವು ಸಂಪೂರ್ಣ ಕಾಣೆಯಾಗಿದ್ದವು. ಅದೇ ಒಂಬತ್ತು ದಿನಗಳಲ್ಲಿ ಒಟ್ಟು ಕೋಶಗಳೂ ಸಿಡಿ34 ಕೋಶಗಳೂ ಏರುತ್ತಲೇ ಇದ್ದವು. ಬಿತ್ತನೆಗೆಂದು ತೆಗೆದಿಟ್ಟ ಭತ್ತವನ್ನೆಲ್ಲ ಕುಟ್ಟಿ ಅಕ್ಕಿ ಮಾಡಿದರೆ ಆ ಹೊತ್ತಿನ ಊಟ ಸಿಗುತ್ತದೆ, ಮುಂದಿನ ಬೆಳೆ ಸಿಗದು; ಪಾತ್ರೆಯೊಳಗೆ ನಡೆದದ್ದೂ ಇದೇ. ಬೆಳವಣಿಗೆ ಅಂಶಗಳು ಕೋಶಕ್ಕೆ ಬದುಕಲು, ವಿಭಜನೆಯಾಗಲು ಹೇಳುತ್ತವೆ. ವಿಭಜನೆಯಾದ ಮೇಲೆಯೂ ಆಕರಕೋಶವಾಗಿಯೇ ಇರಬೇಕೆಂಬ ಸೂಚನೆ ಅವುಗಳಿಂದಷ್ಟೇ ಸಿಗುವುದಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಪಾತ್ರೆಯಲ್ಲಿ ಹುಟ್ಟಿದ ಬಲಿತ ಕೋಶಗಳು ತಾವೇ ಟಿಜಿಎಫ್-ಬೀಟಾದಂಥ ದ್ರವ್ಯಗಳನ್ನು ಸ್ರವಿಸಿ ಆಕರಕೋಶಗಳ ವಿಭಜನೆಯನ್ನು ಅದುಮುತ್ತವೆ, ವಿಭೇದನದತ್ತ ತಳ್ಳುತ್ತವೆ. ಟೊರೊಂಟೊದ ಪೀಟರ್ ಝಂಡ್‌ಸ್ಟ್ರಾ ಅವರ ತಂಡ 2012ರಲ್ಲಿ ಈ ದ್ರವ್ಯಗಳನ್ನು ಕಡಿಮೆ ಮಾಡಲು ಕೋಶಗಳನ್ನು ಬೆಳೆಸುವ ದ್ರವವನ್ನು, ಅಂದರೆ ಮಾಧ್ಯಮವನ್ನು, ಹೊಸದಾಗಿ ನಿರಂತರವಾಗಿ ಸೇರಿಸುತ್ತ ತೆಳುಗೊಳಿಸುವ ವಿಧಾನವನ್ನು ರೂಪಿಸಿತು. ಬೆಳವಣಿಗೆ ಅಂಶಗಳು ಹಳೆಯವೇ ಆಗಿದ್ದರೂ 12 ದಿನಗಳಲ್ಲಿ ಆಕರಕೋಶಗಳು ಸುಮಾರು 11 ಪಟ್ಟು ಹೆಚ್ಚಿದವು. ಏನನ್ನು ಸೇರಿಸಬೇಕು ಎಂಬುದರಷ್ಟೇ ಏನನ್ನು ತೆಗೆಯಬೇಕು ಎಂಬುದೂ ಮುಖ್ಯವೆಂದು ಇದರಿಂದ ಮನದಟ್ಟಾಯಿತು.

ಮಜ್ಜೆಯ ನೆಲೆಯ ಅನುಕರಣೆ

ಆಕರಕೋಶದ ಗುಣವನ್ನು ಅದರ ನೆಲೆಯೇ ಕಾಪಾಡುತ್ತದೆ ಎಂಬ ಕಲ್ಪನೆಯನ್ನು 1978ರಲ್ಲಿ ಮ್ಯಾಂಚೆಸ್ಟರ್‌ನ ರೇ ಸ್ಕೋಫೀಲ್ಡ್ ಮುಂದಿಟ್ಟರು. ಅದೇ ಊರಿನ ಮೈಕೆಲ್ ಡೆಕ್ಸ್‌ಟರ್ ಅವರು ಹಿಂದಿನ ವರ್ಷವಷ್ಟೇ, ಮಜ್ಜೆಯ ಆಧಾರಕೋಶಗಳ ಪದರದ ಮೇಲೆ ಇಲಿಯ ರಕ್ತೋತ್ಪಾದನೆಯನ್ನು ತಿಂಗಳುಗಟ್ಟಲೆ ಉಳಿಸಬಹುದೆಂದು ತೋರಿಸಿದ್ದರು. ಹೊರಗಿನಿಂದ ಶುದ್ಧೀಕರಿಸಿದ ಯಾವ ಬೆಳವಣಿಗೆ ಅಂಶವನ್ನೂ ಅವರು ಸೇರಿಸಿರಲಿಲ್ಲ. ಮುಂದೆ 2012ರಲ್ಲಿ, ಮಜ್ಜೆಯಲ್ಲಿ ಆಕರಕೋಶಗಳಿಗೆ ಎಸ್‌ಸಿಎಫ್ ಒದಗಿಸುವುದು ರಕ್ತನಾಳಗಳ ಒಳಪದರದ ಕೋಶಗಳು ಮತ್ತು ನಾಳಗಳಿಗೆ ಆತುಕೊಂಡಿರುವ ಕೋಶಗಳು ಎಂದು ಶಾನ್ ಮಾರಿಸನ್ ಅವರ ತಂಡ ಕಂಡುಕೊಂಡಿತು.

ನೆಲೆಯ ಒಂದು ಸಂಕೇತವನ್ನು ಪಾತ್ರೆಗೆ ತಂದವರು ಸಿಯಾಟಲ್‌ನ ಇರ್ವಿನ್ ಬರ್ನ್‌ಸ್ಟೀನ್ ಮತ್ತು ಕೊಲೀನ್ ಡೆಲನಿ. ಅವರು ನಾಚ್ ಗ್ರಾಹಕವನ್ನು ಪ್ರಚೋದಿಸುವ ಡೆಲ್ಟಾ1 ಪ್ರೋಟೀನನ್ನು ಪಾತ್ರೆಯ ತಳಕ್ಕೆ ಲೇಪಿಸಿ, ಬೆಳವಣಿಗೆ ಅಂಶಗಳ ಜೊತೆ ಕೋಶಗಳನ್ನು ಬೆಳೆಸಿದರು. 2010ರಲ್ಲಿ ಪ್ರಕಟವಾದ ಹತ್ತು ರೋಗಿಗಳ ವರದಿಯಲ್ಲಿ ಸಿಡಿ34 ಕೋಶಗಳು ಸರಾಸರಿ 164 ಪಟ್ಟು ಹೆಚ್ಚಿದ್ದವು. ನ್ಯೂಟ್ರೋಫಿಲ್‌ಗಳು 16 ದಿನಗಳ ಆಸುಪಾಸಿನಲ್ಲಿ ಮರಳಿದವು. ಆದರೆ ಬೆಳೆಸಿದ ಕೋಶಗಳ ಜೊತೆ ಬೆಳೆಸದ ಇನ್ನೊಂದು ಹೊಕ್ಕುಳಬಳ್ಳಿ ರಕ್ತವನ್ನೂ ಕೊಡಲಾಗಿತ್ತು. ದೀರ್ಘಕಾಲದಲ್ಲಿ ಹೆಚ್ಚಿನ ರೋಗಿಗಳ ರಕ್ತವನ್ನು ತಯಾರಿಸಿದ್ದು ಬೆಳೆಸದ ಆ ರಕ್ತದ ಕೋಶಗಳೇ. ಕೃಷಿಯಿಂದ ಬಂದ ಕೋಶಗಳು ಮೊದಲ ವಾರಗಳ ಅಪಾಯ ದಾಟಿಸುವ ಸೇತುವೆಯಾದವು, ಅಷ್ಟೆ.

ಸಣ್ಣ ಅಣುಗಳ ಪ್ರವೇಶ

ವಿಭೇದನವನ್ನು ತಡೆಹಿಡಿಯುವ ರಾಸಾಯನಿಕಗಳ ಹುಡುಕಾಟದಿಂದ ಈ ಕ್ಷೇತ್ರಕ್ಕೆ ಹೊಸ ತಿರುವು ಸಿಕ್ಕಿತು. 2010ರಲ್ಲಿ ವರದಿಯಾದ ಸ್ಟೆಮ್‌ರೆಜೆನಿನ್ 1 ಎಂಬ ಅಣು ಅರೈಲ್ ಹೈಡ್ರೊಕಾರ್ಬನ್ ಗ್ರಾಹಕವನ್ನು ತಡೆಯುತ್ತದೆ. ಬೆಳವಣಿಗೆ ಅಂಶಗಳ ಜೊತೆ ಅದನ್ನು ಸೇರಿಸಿದಾಗ ಹೊಕ್ಕುಳಬಳ್ಳಿ ರಕ್ತದ ಸಿಡಿ34 ಕೋಶಗಳು 50 ಪಟ್ಟು, ಇಲಿಯಲ್ಲಿ ನೆಲೆಯೂರಬಲ್ಲ ಕೋಶಗಳು 17 ಪಟ್ಟು ಹೆಚ್ಚಿದವು. ಈ ಎರಡು ಅಂಕಿಗಳ ನಡುವಿನ ಅಂತರವೇ ಸಂಖ್ಯೆಗೂ ಗುಣಕ್ಕೂ ಇರುವ ಅಂತರ.

ಎರಡನೆಯದು ವಿಟಮಿನ್ ಬಿ3ಯ ರೂಪವಾದ ನಿಕೊಟಿನಮೈಡ್. ಇಸ್ರೇಲಿನ ಗಮಿಡಾ ಸೆಲ್ ಸಂಸ್ಥೆ ಮೊದಲು ತಾಮ್ರವನ್ನು ಹಿಡಿದಿಡುವ ರಾಸಾಯನಿಕವೊಂದನ್ನು ಪ್ರಯತ್ನಿಸಿ, ಬಳಿಕ ನಿಕೊಟಿನಮೈಡ್‌ನತ್ತ ಹೊರಳಿತು. ಹೊಕ್ಕುಳಬಳ್ಳಿ ರಕ್ತದಿಂದ ಸಿಡಿ133 ಗುರುತುಳ್ಳ ಕೋಶಗಳನ್ನು ಬೇರ್ಪಡಿಸಿ, ನಾಲ್ಕು ಬೆಳವಣಿಗೆ ಅಂಶಗಳು ಮತ್ತು ನಿಕೊಟಿನಮೈಡ್ ಜೊತೆ ಸುಮಾರು ಮೂರು ವಾರ ಬೆಳೆಸುವುದು ಅದರ ವಿಧಾನ. ಉಳಿದ ಕೋಶಗಳನ್ನು ಎಸೆಯದೆ ಶೈತ್ಯದಲ್ಲಿಟ್ಟು, ರೋಗನಿರೋಧಕ ಶಕ್ತಿಗೆಂದು ಜೊತೆಯಲ್ಲೇ ಕೊಡಲಾಗುತ್ತದೆ. 125 ರೋಗಿಗಳ ಮೂರನೆಯ ಹಂತದ ಪ್ರಯೋಗದಲ್ಲಿ ನ್ಯೂಟ್ರೋಫಿಲ್ ಚೇತರಿಕೆಯ ಮಧ್ಯಮ ಅವಧಿ 12 ದಿನಕ್ಕೆ ಇಳಿಯಿತು. ಸಾಮಾನ್ಯ ಹೊಕ್ಕುಳಬಳ್ಳಿ ರಕ್ತ ಪಡೆದವರಲ್ಲಿ ಅದು 22 ದಿನವಿತ್ತು. ಗಂಭೀರ ಸೋಂಕುಗಳೂ ಕಡಿಮೆಯಾದವು. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಓಮಿಸರ್ಜ್ ಎಂಬ ಹೆಸರಿನಲ್ಲಿ, 12 ವರ್ಷ ಮೀರಿದ ರಕ್ತಕ್ಯಾನ್ಸರ್ ರೋಗಿಗಳಿಗಾಗಿ ಅನುಮತಿ ನೀಡಿತು. ಬೆಳೆಸಿದ ಕೋಶಗಳೊಡನೆ ಇಲ್ಲಿ ಇನ್ನೊಂದು ಹೊಕ್ಕುಳಬಳ್ಳಿ ರಕ್ತವನ್ನು ಕೊಡಬೇಕಿಲ್ಲ. ದೀರ್ಘಕಾಲದ ರಕ್ತೋತ್ಪಾದನೆಯೂ ಇವುಗಳಿಂದಲೇ ನಡೆಯುತ್ತದೆ.

ಮೂರನೆಯದು ಯುಎಂ171. ಮಾಂಟ್ರಿಯಲ್‌ನ ಗಿ ಸೊವಾಜೊ ಅವರ ತಂಡ 2014ರಲ್ಲಿ ಇದನ್ನು ವರದಿ ಮಾಡಿತು. ಇದು ಕೋಶದೊಳಗೆ ಕೋರೆಸ್ಟ್ ಎಂಬ ಪ್ರೋಟೀನ್ ಕೂಟವನ್ನು ಒಡೆಯುವಂತೆ ಮಾಡಿ, ಆಕರಕೋಶಕ್ಕೆ ವಿಶಿಷ್ಟವಾದ ವಂಶವಾಹಿಗಳು ಮುಚ್ಚಿಹೋಗದಂತೆ ನೋಡಿಕೊಳ್ಳುತ್ತದೆ ಎಂಬುದು ಮುಂದೆ ತಿಳಿಯಿತು. ಝಂಡ್‌ಸ್ಟ್ರಾ ತಂಡದ ತೆಳುಗೊಳಿಸುವ ವಿಧಾನದ ಜೊತೆ ಇದನ್ನು ಬಳಸಿ ಏಳು ದಿನ ಬೆಳೆಸಿದ ಕೋಶಗಳನ್ನು 22 ರೋಗಿಗಳಿಗೆ ಕೊಟ್ಟ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಚಿಕ್ಕ ಪ್ರಮಾಣದ, ಆದರೆ ಹೊಂದಾಣಿಕೆ ಉತ್ತಮವಾಗಿರುವ ಹೊಕ್ಕುಳಬಳ್ಳಿ ರಕ್ತವನ್ನು ವಯಸ್ಕರಿಗೂ ಬಳಸಬಹುದೆಂಬುದು ಅದರ ಫಲ. ಈ ವಿಧಾನದಿಂದ ತಯಾರಾದ ಜೆಮ್‌ಸೆಲ್‌ಪ್ರೊ 2025ರಲ್ಲಿ ಯುರೋಪಿಯನ್ ಒಕ್ಕೂಟದ ಷರತ್ತುಬದ್ಧ ಅನುಮತಿ ಪಡೆಯಿತು.

ಮಾಧ್ಯಮ ಕಲಿಸಿದ ಪಾಠ

ಬೆಳವಣಿಗೆ ಅಂಶಗಳ ಮೇಲೆಯೇ ಗಮನ ನೆಟ್ಟಿದ್ದಾಗ ಅವು ಕರಗಿರುವ ದ್ರವದ ಕಡೆ ಯಾರೂ ಹೆಚ್ಚು ನೋಡಿರಲಿಲ್ಲ. ರಕ್ತದಿಂದ ಪಡೆದ ಆಲ್ಬುಮಿನ್ ಬಹುತೇಕ ಎಲ್ಲ ಮಾಧ್ಯಮಗಳಲ್ಲೂ ಇರುತ್ತಿತ್ತು. ಆ ಆಲ್ಬುಮಿನ್‌ಗೆ ಅಂಟಿಕೊಂಡು ಬರುವ ಕಲ್ಮಶಗಳು ಉರಿಯೂತದ ಸಂಕೇತ ನೀಡಿ ಆಕರಕೋಶಗಳನ್ನು ಕೆಡಿಸುತ್ತವೆ ಎಂದು ಹಿರೊಮಿತ್ಸು ನಕೌಚಿ, ಸತೋಷಿ ಯಮಜಾಕಿ ಮತ್ತು ಆ್ಯಡಂ ವಿಲ್ಕಿನ್ಸನ್ ಅವರ ತಂಡ ಕಂಡುಕೊಂಡಿತು. ಅದರ ಜಾಗದಲ್ಲಿ ಅಂಟು ತಯಾರಿಕೆಯಲ್ಲೂ ಬಳಕೆಯಾಗುವ ಪಾಲಿವಿನೈಲ್ ಆಲ್ಕೊಹಾಲನ್ನು ಹಾಕಿದರು. ಥ್ರೊಂಬೊಪೊಯಿಟಿನ್ ಪ್ರಮಾಣವನ್ನು ಹೆಚ್ಚಿಸಿ ಎಸ್‌ಸಿಎಫ್ ಪ್ರಮಾಣವನ್ನು ತಗ್ಗಿಸಿದರು. 2019ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಇಲಿಯ ಆಕರಕೋಶಗಳು ಸುಮಾರು ಒಂದು ತಿಂಗಳಲ್ಲಿ 236ರಿಂದ 899 ಪಟ್ಟು ಹೆಚ್ಚಿದವು. ಮಜ್ಜೆಯನ್ನು ವಿಕಿರಣದಿಂದ ಬರಿದು ಮಾಡದ ಇಲಿಗಳಲ್ಲೂ ಅವು ನೆಲೆಯೂರಿದವು.

ಮನುಷ್ಯರ ಕೋಶಗಳಿಗೆ ಅದೇ ಪಾಕ ಒಗ್ಗಲಿಲ್ಲ. 2023ರಲ್ಲಿ ಯಮಜಾಕಿ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬೆಳವಣಿಗೆ ಅಂಶಗಳನ್ನೇ ಕೈಬಿಟ್ಟಿತು. ಥ್ರೊಂಬೊಪೊಯಿಟಿನ್ ಬದಲು ಅದರ ಗ್ರಾಹಕವನ್ನು ತಟ್ಟುವ ಸಣ್ಣ ಅಣು, ಎಸ್‌ಸಿಎಫ್ ಬದಲು ಪಿಐ3-ಕೈನೇಸ್ ಅನ್ನು ನೇರವಾಗಿ ಪ್ರಚೋದಿಸುವ ಪೆಪ್ಟೈಡ್, ಇವೆರಡರ ಜೊತೆ ಯುಎಂ171 ಮತ್ತು ಬೇರೊಂದು ಪಾಲಿಮರ್. ಈ ಮಿಶ್ರಣದಲ್ಲಿ ಮಾನವ ಆಕರಕೋಶಗಳು ವಾರಗಟ್ಟಲೆ ಬೆಳೆದು, ಇಲಿಗಳಲ್ಲಿ ನೆಲೆಯೂರುವ ಶಕ್ತಿಯನ್ನೂ ಉಳಿಸಿಕೊಂಡವು. ಸೈಟೋಕೈನ್ ಒಂದು ಗ್ರಾಹಕದ ಮೂಲಕ ಹಲವು ಮಾರ್ಗಗಳನ್ನು ಒಮ್ಮೆಗೇ ತೆರೆಯುತ್ತದೆ. ಅವುಗಳಲ್ಲಿ ಆಕರಕೋಶಕ್ಕೆ ಬೇಕಾದದ್ದನ್ನಷ್ಟೇ ಆರಿಸಿ ತೆರೆಯುವುದು ಮೇಲು ಎಂಬುದು ಈ ಕೆಲಸದ ಹಿಂದಿನ ತರ್ಕ.

ಬಳಕೆಯ ಇತರ ಕ್ಷೇತ್ರಗಳು

ಕೋಶಗಳ ಸಂಖ್ಯೆ ಹೆಚ್ಚಿಸುವ ಉದ್ದೇಶವಿಲ್ಲದಿದ್ದರೂ ಬೆಳವಣಿಗೆ ಅಂಶಗಳ ಕೃಷಿ ಇಂದು ಚಿಕಿತ್ಸೆಯ ಭಾಗವಾಗಿದೆ. ಜೀನ್ ಚಿಕಿತ್ಸೆಯಲ್ಲಿ ರೋಗಿಯದೇ ಸಿಡಿ34 ಕೋಶಗಳನ್ನು ತೆಗೆದು, ಎಸ್‌ಸಿಎಫ್, ಫ್ಲಿಟ್3 ಲಿಗ್ಯಾಂಡ್ ಮತ್ತು ಥ್ರೊಂಬೊಪೊಯಿಟಿನ್‌ಗಳಲ್ಲಿ ಕೆಲವು ದಿನ ಇರಿಸಿ, ವೈರಸ್ ವಾಹಕದಿಂದ ಹೊಸ ವಂಶವಾಹಿ ಸೇರಿಸುತ್ತಾರೆ ಅಥವಾ ಕ್ರಿಸ್ಪರ್‌ನಿಂದ ಇರುವುದನ್ನು ತಿದ್ದುತ್ತಾರೆ. ಸಿಕಲ್ ಸೆಲ್ ರೋಗ ಮತ್ತು ತೀವ್ರ ಥಲಸ್ಸೇಮಿಯಾಗಳಿಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿದ ಕಾಸ್‌ಜೆವಿ ಈ ಬಗೆಯದು. ತಿದ್ದುಪಡಿಗೆ ಕೋಶವನ್ನು ಎಚ್ಚರಿಸಬೇಕು, ಎಚ್ಚರಿಸಿದಷ್ಟೂ ಆಕರಕೋಶದ ಗುಣ ಸವೆಯುತ್ತದೆ. ಹಾಗಾಗಿ ಇಲ್ಲಿ ಕೃಷಿಯ ಅವಧಿಯನ್ನು ಸಾಧ್ಯವಾದಷ್ಟು ಮೊಟಕುಗೊಳಿಸುತ್ತಾರೆ.

ಭಾರತದಲ್ಲಿ ಈ ದಾರಿಯಲ್ಲಿ ಗಮನಾರ್ಹ ಕೆಲಸ ನಡೆದಿದೆ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿರುವ ಆಕರಕೋಶ ಸಂಶೋಧನ ಕೇಂದ್ರ, ತೀವ್ರ ಹಿಮೋಫೀಲಿಯಾ-ಎ ಇರುವ ಐವರು ರೋಗಿಗಳ ಸ್ವಂತ ಆಕರಕೋಶಗಳಿಗೆ ರಕ್ತ ಹೆಪ್ಪುಗಟ್ಟಿಸುವ ಎಂಟನೆಯ ಅಂಶದ ವಂಶವಾಹಿಯನ್ನು ಸೇರಿಸಿ ಮರಳಿಸಿತು. ಐವರಲ್ಲೂ ರಕ್ತಸ್ರಾವಗಳು ನಿಂತವೆಂದು 2024ರ ಡಿಸೆಂಬರ್‌ನಲ್ಲಿ ವರದಿಯಾಯಿತು. ಇನ್ನೊಂದೆಡೆ, ಮಗುವಿನ ಮುಂದಿನ ಸ್ವಂತ ಬಳಕೆಗೆಂದು ಹೊಕ್ಕುಳಬಳ್ಳಿ ರಕ್ತವನ್ನು ಖಾಸಗಿ ಬ್ಯಾಂಕುಗಳಲ್ಲಿ ಇರಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ಸ್ಪಷ್ಟಪಡಿಸಿದೆ. ಕೋಶಗಳನ್ನು ಹೆಚ್ಚಿಸುವ ವಿಧಾನಗಳು ಬಂದಿವೆ ಎಂಬ ಮಾತಿನಿಂದ ಈ ನಿಲುವು ಬದಲಾಗುವುದಿಲ್ಲ: ವಂಶವಾಹಿ ದೋಷದ ರೋಗದಲ್ಲಿ ಮಗುವಿನ ಸ್ವಂತ ಹೊಕ್ಕುಳಬಳ್ಳಿ ರಕ್ತದಲ್ಲೂ ಅದೇ ದೋಷವಿರುತ್ತದೆ.

ಸಂಪೂರ್ಣ ವಿಭೇದನವನ್ನೇ ಗುರಿಯಾಗಿಸಿದ ಕೃಷಿಯೂ ಇದೆ. ಸಿಡಿ34 ಕೋಶಗಳಿಗೆ ಎಸ್‌ಸಿಎಫ್ ಮತ್ತು ಎರಿಥ್ರೊಪೊಯಿಟಿನ್ ಕೊಟ್ಟು ಕೆಂಪು ರಕ್ತಕಣಗಳನ್ನು ತಯಾರಿಸಿ, 2011ರಲ್ಲಿ ಪ್ಯಾರಿಸ್ಸಿನ ಲುಕ್ ಡುವೇ ಅವರ ತಂಡ ಅವನ್ನು ಮನುಷ್ಯನಿಗೆ ಮೊದಲ ಬಾರಿಗೆ ಕೊಟ್ಟಿತು. 2022ರಲ್ಲಿ ಬ್ರಿಟನ್ನಿನ ರಿಸ್ಟೋರ್ ಪ್ರಯೋಗ ಬೇರೆ ದಾನಿಯ ಕೋಶಗಳಿಂದ ಬೆಳೆಸಿದ ಕಣಗಳನ್ನು ಸ್ವಯಂಸೇವಕರಿಗೆ ಕೊಟ್ಟಿತು. ಕೊಟ್ಟದ್ದು ಒಂದೆರಡು ಚಮಚೆಯಷ್ಟು. ಒಂದು ಚೀಲ ರಕ್ತದಲ್ಲಿ ಸುಮಾರು ಎರಡು ಲಕ್ಷ ಕೋಟಿ ಕೆಂಪು ಕಣಗಳಿರುವುದರಿಂದ ಸಾಮಾನ್ಯ ರಕ್ತದಾನಕ್ಕೆ ಇದು ಸದ್ಯಕ್ಕೆ ಬದಲಿಯಲ್ಲ. ತೀರ ಅಪರೂಪದ ರಕ್ತಗುಂಪಿನವರಿಗೆ ಮೊದಲು ನೆರವಾಗಬಹುದು.

ಇತ್ಯರ್ಥವಾದದ್ದು, ಉಳಿದಿರುವುದು

ಅರವತ್ತು ವರ್ಷಗಳ ಕೆಲಸದಿಂದ ಕೆಲವು ಮಾತುಗಳು ಇತ್ಯರ್ಥವಾಗಿವೆ. ಎಸ್‌ಸಿಎಫ್ ಮತ್ತು ಥ್ರೊಂಬೊಪೊಯಿಟಿನ್‌ಗಳ ಸಂಕೇತ ಯಾವುದಾದರೊಂದು ರೂಪದಲ್ಲಿ ಇಲ್ಲದೆ ಆಕರಕೋಶ ಪಾತ್ರೆಯಲ್ಲಿ ಬದುಕುವುದಿಲ್ಲ. ಆ ಸಂಕೇತಗಳಷ್ಟೇ ಇದ್ದರೆ ಕೋಶ ಹೆಚ್ಚುತ್ತದೆ, ಗುಣ ಕಳೆದುಕೊಳ್ಳುತ್ತದೆ. ವಿಭೇದನದ ಒತ್ತಡವನ್ನು ತಗ್ಗಿಸುವ ಯಾವುದಾದರೂ ಉಪಾಯ ಜೊತೆಗೂಡಿದಾಗ ಮಾತ್ರ ಆಕರಕೋಶಗಳು ನಿಜವಾಗಿ ಹೆಚ್ಚುತ್ತವೆ.

ಉಳಿದ ತೊಡಕುಗಳು ಮೂರು ಬಗೆಯವು. ಮೊದಲನೆಯದು ಅಳತೆಯದು. ಪಾತ್ರೆಯಲ್ಲಿರುವ ಮಾನವ ಆಕರಕೋಶಗಳನ್ನು ಇಲಿಯ ನೆರವಿಲ್ಲದೆ, ಕೆಲವೇ ಗಂಟೆಗಳಲ್ಲಿ ನಂಬಿಕೆಯಿಂದ ಎಣಿಸುವ ಪರೀಕ್ಷೆ ಇನ್ನೂ ಇಲ್ಲ. ಎರಡನೆಯದು ಸುರಕ್ಷತೆಯದು. ವಿಭಜನೆ ಹೆಚ್ಚಿದಷ್ಟೂ ಡಿಎನ್‌ಎ ದೋಷಗಳು ಸೇರುವ, ಬೇಗ ಬೆಳೆಯುವ ಕೆಲವೇ ಕೋಶಗಳ ಸಂತತಿ ಉಳಿದವನ್ನು ಹಿಂದಿಕ್ಕುವ ಸಾಧ್ಯತೆ ಇದ್ದೇ ಇದೆ. ಇದಕ್ಕೆ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಬೇಕು. ಮೂರನೆಯದು ವೆಚ್ಚ ಮತ್ತು ಪೈಪೋಟಿ. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೂಪುಗೊಂಡ, ಕಸಿಯ ಬಳಿಕ ಸೈಕ್ಲೊಫಾಸ್ಫಮೈಡ್ ಕೊಡುವ ವಿಧಾನದಿಂದಾಗಿ ಅರ್ಧ ಹೊಂದಾಣಿಕೆಯಿರುವ ತಂದೆ, ತಾಯಿ ಅಥವಾ ಒಡಹುಟ್ಟಿದವರೇ ದಾನಿಗಳಾಗಬಲ್ಲರು. ಅಗ್ಗವಾದ ಈ ದಾರಿ ಭಾರತದಲ್ಲೂ ಹರಡಿದೆ, ಹೊಕ್ಕುಳಬಳ್ಳಿ ರಕ್ತದ ಬೇಡಿಕೆ ಇಳಿದಿದೆ.

ದಾನಿಯನ್ನೇ ಬಿಟ್ಟುಬಿಡುವ ದಾರಿಯೊಂದು ಇದರಾಚೆ ತೆರೆಯುತ್ತಿದೆ. ಚರ್ಮ ಅಥವಾ ರಕ್ತದ ಸಾಮಾನ್ಯ ಕೋಶಗಳನ್ನು ಹಿಂದಕ್ಕೆ ತಿರುಗಿಸಿ ಪಡೆಯುವ ಪ್ರೇರಿತ ಬಹುಶಕ್ತ ಕೋಶಗಳಿಂದ, ಭ್ರೂಣದಲ್ಲಿ ರಕ್ತ ಹುಟ್ಟುವ ಹಂತಗಳನ್ನೇ ಅನುಸರಿಸಿ ಬೆಳವಣಿಗೆ ಅಂಶಗಳನ್ನು ಸರದಿಯಲ್ಲಿ ಕೊಟ್ಟು, ಇಲಿಯ ಮಜ್ಜೆಯಲ್ಲಿ ದೀರ್ಘಕಾಲ ನೆಲೆಯೂರುವ ಮಾನವ ರಕ್ತಕೋಶಗಳನ್ನು ಮೆಲ್ಬರ್ನ್‌ನ ಮರ್ಡಾಕ್ ಮಕ್ಕಳ ಸಂಶೋಧನ ಸಂಸ್ಥೆಯ ತಂಡ 2024ರಲ್ಲಿ ಪಡೆಯಿತು. ಅವು ಮನುಷ್ಯರಲ್ಲಿ ಪ್ರಯೋಗಕ್ಕೆ ಬರಬೇಕಾದರೆ, ಹೊಕ್ಕುಳಬಳ್ಳಿ ರಕ್ತದ ಕೋಶಗಳನ್ನು ಹೆಚ್ಚಿಸಲು ಕಲಿತದ್ದೆಲ್ಲ ಅವುಗಳಿಗೂ ಅನ್ವಯವಾಗಬೇಕಾಗುತ್ತದೆ. ಸಾಕಷ್ಟು ಸಂಖ್ಯೆ, ಎಲ್ಲ ಬಗೆಯ ರಕ್ತಕಣಗಳನ್ನು ಕೊಡುವ ಸಾಮರ್ಥ್ಯ ಮತ್ತು ಹಲವು ವರ್ಷಗಳ ಬಾಳಿಕೆ, ಈ ಮೂರನ್ನೂ ಒಂದೇ ಪಾತ್ರೆಯಿಂದ ಪಡೆಯುವುದೇ ಅಲ್ಲಿಯೂ ಸವಾಲು.